ಬಾಸ್ಕೆಟ್‌ಬಾಲ್ ಗಂಗಾಂಬಿಕೆ

ಬೆಳಕು ಹರಿಯುವ ಮೊದಲೇ ಮೈದಾನ ಸೇರುವವಳು, ಚಪ್ಪಲಿಯನ್ನು ಹೊರಗೆ ಬಿಟ್ಟು ಅಂಕಣವನ್ನು ತಾನೇ ಗುಡಿಸುವವಳು, ಒಂದೇ ಸೀಟಿಗೆ ಇಪ್ಪತ್ತು ಹುಡುಗಿಯರನ್ನು ಸಾಲಾಗಿ ನಿಲ್ಲಿಸುವವಳು, ಹಿಂದೆ ರಾಜ್ಯ ಚಾಂಪಿಯನ್ ತಂಡದ ನಾಯಕಿಯಾಗಿ ಕಪ್ ಎತ್ತಿ ಹಿಡಿದವಳು: ಇಂತಹ ಗುಣವತಿ ನಮ್ಮ ಹೊಳೆನರಸೀಪುರದ ಬಾಸ್ಕೆಟ್‌ಬಾಲ್ ಕೋಚ್ ಗಂಗಾಂಬಿಕೆ. ಮೂವತ್ತು ವರ್ಷ ಹಳಗನ್ನಡ ಬೋಧಿಸಿದ ನನಗೆ ಈ ಗುಣಗಳಲ್ಲಿ ಒಂದನ್ನೂ ಸಹಿಸಲಾಗುವುದಿಲ್ಲ. ಪೂಜೆಗೆ ಮೂರು ಸಲ ಕರೆದರೂ ಏಳದ ನನ್ನ ಮೊಮ್ಮಗಳು ಪ್ರೇಕ್ಷಾ ಆಕೆಯ ಅಭ್ಯಾಸಕ್ಕೆ ಐದು ಗಂಟೆಗೇ ಸಿದ್ಧಳಾಗಿರುತ್ತಾಳೆ. "ಮೇಡಂ ಹೇಳವ್ರೆ ತಾತ" ಎಂಬುದು ನಮ್ಮ ಮನೆಯಲ್ಲೀಗ ವೇದವಾಕ್ಯ. ಮೊಟ್ಟೆ ಮುಟ್ಟದ ನಮ್ಮ ಮನೆಗೆ ಆಕೆ ಹುಡುಗಿಯ ಮೈಬಲಕ್ಕೆಂದು ನೆನೆಸಿದ ಕಡಲೆಯನ್ನು ಸೂಚಿಸಿದಳು. ಅಲ್ಲಿಯೂ ನನಗೆ ತಪ್ಪು ಸಿಗಲಿಲ್ಲ. ಮೊನ್ನೆ ಚನ್ನರಾಯಪಟ್ಟಣದ ಫೈನಲ್‌ನಲ್ಲಿ, ನನ್ನ ಕಣ್ಣೆದುರೇ, ಪ್ರೇಕ್ಷಾ ಕೊನೆಯ ಎರಡು ಫ್ರೀ ಥ್ರೋಗಳಲ್ಲೂ ಚೆಂಡನ್ನು ಬುಟ್ಟಿಗೆ ಹಾಕಲಾಗದೆ ಹೋದಳು. ತಂಡ ಒಂದು ಅಂಕದಿಂದ ಸೋತಿತು. "ನಾನಿನ್ನು ಆಡಕ್ಕೆ ಬರಲ್ಲ ಮೇಡಂ" ಎಂದು ಅವಳು ಅತ್ತಾಗ, ಶಿವನು ಕ್ಷಮಿಸಲಿ, ಮಗು ನನ್ನ ಪಾಲಿಗೆ ಮರಳಿತೆಂದು ಒಳಗೊಳಗೇ ಹಿತವಾಯಿತು. ಗಂಗಾಂಬಿಕೆ ಅವಳ ಪಕ್ಕದಲ್ಲಿ ನೆಲದ ಮೇಲೆಯೇ ಕುಳಿತಳು. "ಅಳ್ಬ್ಯಾಡ ಕಣಮ್ಮಿ. ನಾವು ಕಪ್ ಗೆದ್ದ ಫೈನಲ್‌ನಾಗೆ ನಾನು ಇಂಥವೇ ಐದು ಬಿಟ್ಟಿದ್ದೆ. ಪುಣ್ಯಕ್ಕೆ ಬ್ಯಾರೇರು ಆಕುದ್ರು, ಎಸ್ರು ಮಾತ್ರ ನಂಗ್ ಬಂತು. ನಾಳೀಕೆ ಬ್ಯಾಗ ಬಾ, ಇಬ್ರೂ ಎಸ್ಯಾನ." ಮಗು ಅಳುತ್ತಲೇ ನಕ್ಕಿತು. ನಾನಾದರೋ, ತಪ್ಪಾಗಿ ಹೇಳಿಕೊಟ್ಟ ಒಂದೇ ಒಂದು ಪದ್ಯದ ಅರ್ಥವನ್ನೂ ಶಿಷ್ಯರೆದುರು ಇಂದಿನವರೆಗೆ ಒಪ್ಪಿಕೊಂಡವನಲ್ಲ. ರಾಮನಾಥಪುರದ ರಾಮೇಶ್ವರನು ಆಕೆಯನ್ನೂ ಆಕೆಯ ಮನೆಮಂದಿಯನ್ನೂ ನೂರು ಕಾಲ ಕಾಪಾಡಲಿ. ನನ್ನ ಕೆಟ್ಟ ಕಣ್ಣು ಆ ಮನೆಗೆ ತಾಗದಿರಲಿ.