ಡ್ರೈವರ್ ಕೋಣೆಯ ಜಗ್ಗು

ನಮ್ಮ ದೊಡ್ಡಪ್ಪ ಇಪ್ಪತ್ತೆರಡು ವರ್ಷ ಒಂದೇ ದಾರಿಯಲ್ಲಿ ಬಸ್ಸು ಓಡಿಸಿದವರು. ಆ ದಾರಿಯ ಊರುಗಳನ್ನು ಕಣ್ಣು ಮುಚ್ಚಿ ನಲ್ಲಿ ನೀರಿನ ರುಚಿಯಿಂದಲೇ ಹೇಳಬಲ್ಲವರಾಗಿದ್ದರು. ಬಸ್ಸು ಹೊರಡುವ ಊರಿನದು ತುಕ್ಕು ಹಿಡಿದ ಮೊಳೆ ಚೀಪಿದ ಹಾಗೆ. ಸೇತುವೆ ದಾಟಿದ ಮೇಲಿನದು ಬರೀ ಔಷಧಿ ವಾಸನೆ. ಕೊನೆಯ ಊರಿನದು ಕುಡಿದ ಮೇಲೂ ನಾಲಿಗೆಯಲ್ಲಿ ಉಪ್ಪು. ಬಾಯಿ ಮುಕ್ಕಳಿಸಿ ಉಗಿದು, "ಥೂ, ಇದನ್ನ ಎಮ್ಮೇನೂ ಮೂಸಲ್ಲ" ಎನ್ನುತ್ತಿದ್ದರು. ಅವರ ಮಟ್ಟಿಗೆ ಒಳ್ಳೆಯ ನೀರು ಒಂದೇ ಕಡೆ ಸಿಗುತ್ತಿತ್ತು: ಮಧ್ಯಾಹ್ನದ ಊಟಕ್ಕೆ ಬಸ್ಸು ನಿಲ್ಲುತ್ತಿದ್ದ ಹೆದ್ದಾರಿ ಹೋಟೆಲಿನಲ್ಲಿ.

ಎಲ್ಲಿ ನಿಲ್ಲಿಸಬೇಕೆಂಬುದು ಅವರದೇ ತೀರ್ಮಾನ. "ನಾನು ಉಣ್ಣದ ಕಡೆ ನಿಮ್ಮನ್ನ ಇಳಿಸಲ್ಲ" ಎಂಬುದು ಪ್ರಯಾಣಿಕರಿಗೆ ಅವರು ಕೊಟ್ಟ ಮಾತು. ವಾರಕ್ಕೆರಡು ಸಲ ಬಸ್ಸು ಹತ್ತುವ ಬಟ್ಟೆ ವ್ಯಾಪಾರಿಯೊಬ್ಬ ಮಾತ್ರ ಅನ್ನ ಹಳಸಿದೆ, ನೀರು ನಾರುತ್ತದೆ ಎಂದು ಗೊಣಗುತ್ತಲೇ ಇರುತ್ತಿದ್ದ. ದೊಡ್ಡಪ್ಪ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. "ಮನೇಲಿ ತಂಗಳು ತಿಂದು ಬರ್ತಾರೆ, ಇಲ್ಲಿ ಇಳಿದ ತಕ್ಷಣ ಮಹಾರಾಜರು" ಎನ್ನುತ್ತಿದ್ದರು.

ನನ್ನ ಡಿಗ್ರಿ ಸರ್ಟಿಫಿಕೇಟ್ ತರಲು ಹೊರಟ ದಿನ ದೊಡ್ಡಮ್ಮನೂ ಜೊತೆಗೆ ಬಂದರು. ನಮ್ಮ ಮನೆಯಲ್ಲಿ ಅದು ಮೊದಲ ಡಿಗ್ರಿ. ಕಾಗದವನ್ನು ತಾವೇ ಕೈಯಲ್ಲಿ ಹಿಡಿದು ತರಬೇಕೆಂಬ ಆಸೆ ಅವರದು. ಗಂಡನ ಬಸ್ಸಿನಲ್ಲಿ ಅಷ್ಟು ದೂರ ಹೋಗಿದ್ದು ಅದೇ ಮೊದಲು.

ಹೋಟೆಲಿನ ಮುಂದೆ ಬಸ್ಸು ನಿಂತಿತು. ದೊಡ್ಡಪ್ಪ ಎಂದಿನಂತೆ ಹಿಂಬಾಗಿಲಿನಿಂದ ಡ್ರೈವರುಗಳ ಕೋಣೆಗೆ ಹೋದರು. ನಾವು ಪ್ರಯಾಣಿಕರು ಉಣ್ಣುವ ಮುಂದಿನ ಹಾಲ್‌ನಲ್ಲಿ ಕುಳಿತೆವು. ಮೇಜು ಒರೆಸಿದ ಬಟ್ಟೆಯ ವಾಸನೆ ಮೇಜಿಗೇ ಅಂಟಿಕೊಂಡಿತ್ತು. ಅನ್ನ ಬೆರಳಿಗೆ ನೂಲಿನಂತೆ ಎಳೆ ಬಿಟ್ಟಿತು. ಬೇಳೆಯ ಮೇಲೆ ಕೆನೆಗಟ್ಟಿದ್ದ ಜಿಡ್ಡಿನಲ್ಲಿ ಒಂದು ನೊಣ ಅಂಟಿಕೊಂಡಿತ್ತು. ನಾನು ತಟ್ಟೆ ದೂಡಿದೆ. ಬಾಯಾರಿದ್ದ ದೊಡ್ಡಮ್ಮ, ಒಳಗೆಲ್ಲ ಹಸಿರು ಲೋಳೆ ಕಟ್ಟಿದ್ದ ಜಗ್ಗಿನಿಂದ ಎರಡು ಲೋಟ ಕುಡಿದುಬಿಟ್ಟರು. ಹೊರಗೆ ಬಸ್ಸಿನ ಮೆಟ್ಟಿಲವರೆಗೂ ಹೋಗಲಾಗಲಿಲ್ಲ. ಹೋಟೆಲಿನ ಅಂಗಳದಲ್ಲೇ ಕುಕ್ಕರಿಸಿ ವಾಂತಿ ಮಾಡಿಕೊಂಡರು.

ದೊಡ್ಡಪ್ಪ ಬಾಯಿ ಒರೆಸಿಕೊಳ್ಳುತ್ತ ಬಂದರು. "ಬಸ್ಸಿನ ಅಭ್ಯಾಸ ಇಲ್ಲ ನಿಂಗೆ, ಅದಕ್ಕೆ."

"ನೀವೇನು ಉಂಡ್ರಿ?" ದೊಡ್ಡಮ್ಮ ಕೇಳಿದರು.

"ಬಿಸಿ ಅನ್ನ, ಹುರಿದ ಮೊಟ್ಟೆ. ಯಾಕೆ?"

"ನಮಗೆ ಬಡಿಸಿದ್ದೂ ಒಂಚೂರು ನೋಡಿ ಬನ್ನಿ. ನಿಮ್ಮನ್ನ ನಂಬಿ ಕುಡಿದೆ ನಾನು."

ದೊಡ್ಡಪ್ಪ ನನ್ನೊಂದಿಗೆ ನಮ್ಮ ಮೇಜಿಗೆ ಬಂದರು. ಪಕ್ಕದಲ್ಲಿದ್ದ ಬಟ್ಟೆ ವ್ಯಾಪಾರಿ, "ಏನು ಡ್ರೈವರಣ್ಣ, ದಾರಿ ತಪ್ಪಿ ನಮ್ಮ ಕಡೆ ಬಂದ್ರಾ?" ಎಂದ. ದೊಡ್ಡಪ್ಪ ಮೇಜಿನ ಮೇಲೆ ಬಾಗಿದರು. ತಟ್ಟೆಯನ್ನು ನೋಡಿದರು. ಲೋಟದಿಂದ ಒಂದು ಗುಟುಕು ಬಾಯಿಗೆ ಹಾಕಿಕೊಂಡು ನಾಲಿಗೆಯ ಮೇಲೆ ಹೊರಳಿಸಿದರು. ಅಷ್ಟು ಊರಿನ ನೀರು ಬಲ್ಲ ಆ ಬಾಯಿ ಸೊಟ್ಟಗಾಯಿತು. ಅಲ್ಲೇ ತಟ್ಟೆಗೆ ಉಗಿದರು.

ಲೋಟ ಹಿಡಿದುಕೊಂಡೇ ಮಾಲೀಕನ ಬಳಿ ಹೋದರು. "ಒಳಗೆ ನಮ್ಮ ಕೋಣೆಯ ಜಗ್ಗಿಗೆ ಯಾವ ನೀರು ಹಾಕ್ತೀಯ?"

"ಕ್ಯಾನ್ ನೀರು ಅಣ್ಣ. ನಿಮಗೆ ನಲ್ಲಿ ನೀರು ಕೊಡೋಕಾಗುತ್ತಾ? ನಿಮ್ಮನ್ನ ಚೆನ್ನಾಗಿ ನೋಡ್ಕೊಂಡ್ರೆ ತಾನೆ ಬಸ್ಸು ನಿಲ್ಲೋದು?" ದೊಡ್ಡ ಉಪಕಾರ ಮಾಡಿದವನಂತೆ ಅವನು ನಕ್ಕ.

"ಇದನ್ನ ಕುಡಿ."

"ನಂದು ಮನೆಯಿಂದ ಬರುತ್ತೆ ಅಣ್ಣ."

ದೊಡ್ಡಪ್ಪ ಲೋಟವನ್ನು ಅವನೆದುರು ಕುಕ್ಕಿ ಬಸ್ಸಿಗೆ ಬಂದರು. ಮುಂದಿನ ಊರಿನ ನಲ್ಲಿಯಲ್ಲಿ ಮೂರು ಸಲ ಬಾಯಿ ಮುಕ್ಕಳಿಸಿದರು. ಅದೇ ಔಷಧಿ ವಾಸನೆಯ ನೀರು. ಅಂದು ಮಾತ್ರ ಅದನ್ನು ಬೈಯಲಿಲ್ಲ.

ಮರುವಾರದಿಂದ ಬಸ್ಸು ಬೇರೆ ಹೋಟೆಲಿನ ಮುಂದೆ ನಿಲ್ಲತೊಡಗಿತು. ಅಲ್ಲಿಯೂ ಡ್ರೈವರುಗಳಿಗೆ ಪ್ರತ್ಯೇಕ ಕೋಣೆ ಇತ್ತು. ದೊಡ್ಡಪ್ಪ ಹಾಲ್‌ನಲ್ಲೇ ಕುಳಿತು, ಎಲ್ಲರಿಗೂ ಇಟ್ಟ ಜಗ್ಗಿನಿಂದ ಮೊದಲ ಲೋಟ ತಾವು ಕುಡಿಯುತ್ತಿದ್ದರು. ಊಟ ಅಲ್ಲೂ ದಿನಕ್ಕೊಂದು ಥರ. ಒಂದು ದಿನ ಬಟ್ಟೆ ವ್ಯಾಪಾರಿ, "ಬೇಳೆ ಸೀದಿದೆ ಅಣ್ಣ" ಎಂದು ಮುಖ ಕಿವಿಚಿದ.

ದೊಡ್ಡಪ್ಪನ ಬಾಯಲ್ಲೂ ಅದೇ ತುತ್ತಿತ್ತು. ಕಷ್ಟಪಟ್ಟು ನುಂಗಿ, "ಹೌದು, ಸೀದಿದೆ" ಎಂದರು.