ಹೆಲ್ಮೆಟ್ಟಿನ ದನಿ ಕೇಳುವವರು

ರಾಣೆಬೆನ್ನೂರಿನ ಒಬ್ಬ ಪೇಂಟರ್ ಕ್ರಿಕೆಟ್ ಹೆಲ್ಮೆಟ್ಟುಗಳ ಮೇಲೆ ಏರ್‌ಬ್ರಶ್‌ನಿಂದ ಚಿತ್ರ ಬರೆಯುತ್ತಿದ್ದರು. ಬಣ್ಣ ಬೆರೆಸುವ ಮೊದಲು, ನಾವು ಸಂತೆಯಲ್ಲಿ ಗಡಿಗೆ ಬಾರಿಸಿ ನೋಡುತ್ತೇವಲ್ಲ, ಹಾಗೆ ಹೆಲ್ಮೆಟ್ಟನ್ನು ಕಿವಿಗೆ ಹಿಡಿದು ಬೆರಳಿನಿಂದ ಬಡಿಯುತ್ತಿದ್ದರು. "ತಡೀರಿ ಅಕ್ಕಾರ, ಅದೇನ ಅಂತೈತಿ ಕೇಳೂಣು," ಎನ್ನುವುದು ಅವರ ಮಾತು.

ನಾನು ಮಗಳೊಂದಿಗೆ ಅವರ ಅಂಗಡಿಗೆ ಹೋದ ಮರುದಿನವೇ ಹಾವೇರಿಯಲ್ಲಿ ಅವಳ ಆಯ್ಕೆ ಪಂದ್ಯವಿತ್ತು. ತನ್ನ ಹೆಲ್ಮೆಟ್ಟಿನ ಮೇಲೆ ಅವಳಿಗೆ ಗಿಡುಗ ಬೇಕಿತ್ತು. ಧೂಳು ಒರೆಸುವಾಗ ಅದನ್ನು ಕಪಾಟಿನಿಂದ ಬೀಳಿಸಿದ್ದ ನಾನು ಯಾರಿಗೂ ಹೇಳಿರಲಿಲ್ಲ. ಅವರು ಬಡಿದರು, ಮತ್ತೆ ಬಡಿದರು.

"ಒಡಕು ದನಿ ಐತ್ರಿ. ಇಲ್ಲಿ ಸೀಳೈತಿ, ನೋಡ್ರಿ," ಎಂದರು.

"ಬಣ್ಣಾ ಹಚ್ಚಿದ್ರ ಕಾಣಂಗಿಲ್ಲಲ್ರೀ ಕಾಕಾ?" ಮಗಳ ಕಣ್ಣು ತುಂಬಿತ್ತು.

"ಅದಕ್ಕ ನಾ ಹಚ್ಚಂಗಿಲ್ಲವ್ವಾ."

ಅವರು ನನ್ನನ್ನೊಮ್ಮೆ ನೋಡಿದರು. ಹೇಗೆ ಸೀಳಿತೆಂದು ಕೇಳಲಿಲ್ಲ. ನಾನೇ ಮಗಳಿಗೆ ಹೇಳಿದೆ.