ನೂಲಿಲ್ಲದ ಮಗ್ಗ

ನನ್ನ ತಮ್ಮ ಸೆಂಗೋಡನ್ ಪಲ್ಲಡದಲ್ಲಿ ಇಪ್ಪತ್ತು ವರ್ಷ ಕೋಳಿ ಸಾಕಿದ. ಒಂದು ಪಕ್ಕ ಅವನ ನಾಲ್ಕು ಕರೆಂಟು ಮಗ್ಗ, ಇನ್ನೊಂದು ಪಕ್ಕ ಕೋಳಿ ಶೆಡ್ಡು. ಕಂಪನಿಯವರು ಒಂದು ದಿನದ ಮರಿಗಳನ್ನೂ ಮೇವನ್ನೂ ತಂದು ಕೊಡುವರು. ನಲವತ್ತು ದಿನಕ್ಕೆ ದಪ್ಪಗಾದ ಕೋಳಿಗಳನ್ನು ಲಾರಿಗೆ ತುಂಬಿಕೊಂಡು ಹೋಗುವರು.

ಊರು ಬೆಳೆದು ಶೆಡ್ಡಿನ ಬೇಲಿಯವರೆಗೆ ಮನೆಗಳು ಬಂದವು. ಒಂದು ಗೃಹಪ್ರವೇಶದ ಪಾಯಸದಲ್ಲಿ ದ್ರಾಕ್ಷಿಗಿಂತ ನೊಣವೇ ಹೆಚ್ಚಾಯಿತೆಂದು ಜನ ಜಗಳಕ್ಕೆ ಬಂದರು. ಅಷ್ಟರಲ್ಲಾಗಲೇ ಕೋಳಿಯವರೆಲ್ಲ ಒಬ್ಬೊಬ್ಬರಾಗಿ ದೂರ ಹೋಗುತ್ತಿದ್ದರು. ಇವನೂ ಧಾರಾಪುರದ ಆಚೆಯ ಬಯಲಿಗೆ ಹೋದ. ಮೂರು ಮಗ್ಗ ಗುಜರಿಗೆ ಹೋದವು. ನಾಲ್ಕನೆಯದನ್ನು ಕೊಡಲು ಮನಸ್ಸು ಬರದೆ ಜೊತೆಗೇ ಒಯ್ದ.

ಆ ಬಯಲಿನಲ್ಲಿ ಜನರಿಗಿಂತ ನವಿಲು ಜಾಸ್ತಿ. ಮೊದಲ ಸಲದ ಮರಿಗಳಿದ್ದಾಗ ಒಂದು ನವಿಲು ಶೆಡ್ಡಿನ ಮೇಲೆ ಕೂತು ಕೂಗಿತು. ಮರಿಗಳೆಲ್ಲ ಹೆದರಿ ಒಂದೇ ಮೂಲೆಗೆ ಓಡಿ, ಒಂದರ ಮೇಲೊಂದು ಬಿದ್ದು, ಅಡಿಯಲ್ಲಿದ್ದ ಮುನ್ನೂರು ಉಸಿರುಗಟ್ಟಿ ಸತ್ತವು.

ಕಂಪನಿಯ ಸೂಪರ್‌ವೈಸರ್ ಇಳಂಗೋ ಬಂದು ನೋಡಿದ. "ಮಾವ, ಇನ್ನೊಂದ್ಸಲ ಹಿಂಗಾದ್ರೆ ಕಂಪನಿ ಮರಿ ಕೊಡಲ್ಲ. ಖಾಲಿ ಶೆಡ್ಡಲ್ಲಿ ಮರಿ ಬದಲು ನೀವೇ ಕೂತ್ಕೋಬೇಕಾಗತ್ತೆ."

"ಕೂತ್ಕೋತಾರೆ. ಮೇವು ನೀವು ಕೊಡ್ತೀರಲ್ಲ?" ಅಂದಳು ಸೆಂಗೋಡನ ಹೆಂಡತಿ ಪಾವಾಯಿ.

ಸೆಂಗೋಡನ್ ಎರಡು ದಿನ ಯೋಚಿಸಿ ನನಗೆ ಫೋನ್ ಮಾಡಿದ. "ಅಕ್ಕಾ, ಪಲ್ಲಡದಲ್ಲಿ ಪಟಾಕಿ ಹೊಡೆದ್ರೂ ಒಂದು ಮರಿ ಕತ್ತೆತ್ತುತ್ತಿರಲಿಲ್ಲ. ಮಗ್ಗದ ಸದ್ದಲ್ಲೇ ಬೆಳೀತಿದ್ವು. ಇಲ್ಲಿ ಸದ್ದಿಲ್ಲ ನೋಡು, ಅದೇ ಕಾಯಿಲೆ."

ಹೊಸ ಮರಿಗಳು ಬಂದ ದಿನವೇ ಶೆಡ್ಡಿನ ತುದಿಯಲ್ಲಿ ಮಗ್ಗ ಕೂರಿಸಿ ಬರಿದೇ ಓಡಿಸಿದ.

"ನೂಲಿಲ್ಲ, ಬಟ್ಟೆಯಿಲ್ಲ. ನಿಮ್ಮ ವಂಶದಲ್ಲಿ ಯಾರಾದ್ರೂ ಹಿಂಗೆ ನೇಯ್ದಿದ್ರೇನ್ರೀ?" ಅಂದಳು ಪಾವಾಯಿ.

ಮೂರನೆಯ ದಿನ ಪಕ್ಕದ ತೋಟದ ಮುದುಕ ಮಾರಪ್ಪನ್ ಬಂದ. "ಎರಡು ಟವೆಲ್ ಕೊಡಪ್ಪ."

"ಟವೆಲ್ ಇಲ್ಲ ದೊಡ್ಡಪ್ಪ, ಬರೀ ಸದ್ದು."

ಮುದುಕ ಮಗ್ಗದ ಕಡೆ ಕಿವಿಗೊಟ್ಟ. "ಸದ್ದು ಚೆನ್ನಾಗೇ ಇದೆ. ಟವೆಲ್ ಆದಾಗ ಹೇಳು."

ಮೂವತ್ತನೆಯ ದಿನ ಮಧ್ಯಾಹ್ನ ನಾನೂ ಅಲ್ಲೇ ಇದ್ದೆ. ಕರೆಂಟು ಹೋಯಿತು. ಮಗ್ಗ ನಿಂತಿತು. ಆರು ಸಾವಿರ ಕೋಳಿ ಒಟ್ಟಿಗೆ ಕತ್ತೆತ್ತಿದವು. ತಗಡಿನ ಮೇಲೆ ನವಿಲಿನ ಉಗುರು ಕರಕರ ಎಂದಿತು.

"ಟಕ್ಕಟಕ, ಟಕ್ಕಟಕ" ಎಂದು ಸೆಂಗೋಡನ್ ಬಾಯಲ್ಲೇ ಶುರುಮಾಡಿದ. ಪಾವಾಯಿ ಮೇವಿನ ಡಬ್ಬ ಬಡಿದಳು. ನಾನು ಎಲೆಯಡಿಕೆ ಉಗಿದು ಬಂದು ದನಿ ಸೇರಿಸಿದೆ. ಅದೇ ಹೊತ್ತಿಗೆ ಇಳಂಗೋ ತಪಾಸಣೆಗೆ ಬಂದು ಬಾಗಿಲಲ್ಲೇ ನಿಂತ.

"ಏನಾಯ್ತು ಅತ್ತೆ?"

"ಕೇಳಬೇಡಪ್ಪ, ನೀನೂ ಹೇಳು," ಅಂದಳು ಪಾವಾಯಿ.

ಅವನು ರಿಜಿಸ್ಟರನ್ನು ಬಡಿಯುತ್ತ "ಟಕ್ಕಟಕ" ಅಂದ. ನವಿಲು ಕೂಗಿತು. ಕೋಳಿಗಳು ತಲೆ ತಗ್ಗಿಸಿ ಮೇವು ತಿಂದವು. ಹೌಹಾರಿ ಮೂಲೆಗೆ ಓಡಿದವನು ಇಳಂಗೋ ಒಬ್ಬನೇ.

ಆ ಸಲ ಕೋಳಿಗಳೆಲ್ಲ ಲಾರಿ ಹತ್ತಿದವು. ವಾರ ಬಿಟ್ಟು ಹೊಸ ಮರಿ ಬಂದವು. ಇಳಂಗೋ ಬಯಲಿನ ಕೋಳಿಯವರಿಗೆಲ್ಲ ಸುದ್ದಿ ಹೇಳಿದ್ದರಿಂದ ಪಲ್ಲಡದ ಗುಜರಿಯಲ್ಲಿದ್ದ ಮಗ್ಗಗಳು ಒಂದೊಂದಾಗಿ ಈ ಕಡೆ ಬಂದವು. ಈಗ ಬಯಲೆಲ್ಲ ಟಕ್ಕಟಕ.

ಮಾರಪ್ಪನ್ ಮಾತ್ರ ಬೇಸರದಲ್ಲಿದ್ದಾನೆ. "ಇಷ್ಟು ಮಗ್ಗ ಬಂದ್ವು," ಅನ್ನುತ್ತಾನೆ, "ಒಂದು ಟವೆಲ್ ಇಲ್ಲ."